ಬೇಳೆ ಬೇಯುವ ನೀರಿಗೊಂದು ಮೀನು, ಬೇಯದ ನೀರಿಗೊಂದು

ನಿಮ್ಮ ಮನೆ ನೀರಿನಲ್ಲಿ ತೊಗರಿಬೇಳೆ ಎಷ್ಟು ವಿಷಲ್‌ಗೆ ಬೇಯುತ್ತದೆ? ನಗಬೇಡಿ. ಗಿಡ ಹಾಕಿದ ಅಕ್ವೇರಿಯಂಗೆ ಒಂದು ಬಣ್ಣದ, ಸಾಧು ಸ್ವಭಾವದ ಸಿಕ್ಲಿಡ್ ಮೀನು ಹೇಳಿ ಎಂದು ಯಾರಾದರೂ ಕೇಳಿದರೆ ನಾನು ಮೊದಲು ಕೇಳುವುದು ಇದನ್ನೇ. ಮೂರು ಕೂಗಿಗೆ ಬೆಣ್ಣೆಯಂತೆ ಬೆಂದರೆ ನಿಮ್ಮದು ಮೆದು ನೀರು. ಆರು ಕೂಗಿದರೂ ಬೇಳೆ ಬೇಳೆಯಾಗಿಯೇ ಉಳಿದರೆ, ಗೀಸರ್ ಕಾಯಿಲ್‌ಗೆ ಸುಣ್ಣ ಕಟ್ಟಿಕೊಂಡರೆ, ಸ್ನಾನದ ಬಕೆಟ್ಟಿಗೆ ಬಿಳಿ ಪದರ ಕೂತರೆ ಅದು ಗಡಸು ನೀರು. ನಿಮ್ಮ ಮನೆಯಲ್ಲಿ ಯಾವ ಮೀನು ಬಾಳುತ್ತದೆ ಅನ್ನುವುದು ಮುಕ್ಕಾಲು ಪಾಲು ಅಲ್ಲೇ ತೀರ್ಮಾನವಾಗಿರುತ್ತದೆ.

ಇದನ್ನು ನಾನು ಕಲಿತದ್ದು ನಾಲ್ಕು ಮೀನು ಸಾಯಿಸಿ.

ಆಗ ನಾವು ಬೆಂಗಳೂರಿನ ಉತ್ತರಹಳ್ಳಿ ಕಡೆ ಬಾಡಿಗೆಗೆ ಇದ್ದೆವು. ಬೋರ್‌ವೆಲ್ ನೀರು. ಹಾಲ್‌ನಲ್ಲಿ ಟಿವಿ ಪಕ್ಕ ಮೂರು ಅಡಿ ಉದ್ದ, ಒಂದೂಕಾಲು ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್. ಮರಳು, ಕಲ್ಲು ಎಲ್ಲ ಕಳೆದು ಸುಮಾರು 130 ಲೀಟರ್ ನೀರು. ಗಿಡಗಳು ಚೆನ್ನಾಗಿ ಬಂದಿದ್ದವು. ಎಂಟು ಚೆರ‍್ರಿ ಬಾರ್ಬ್ ಮೀನು, ನೆಲ ಮೂಸುತ್ತಾ ಓಡಾಡುವ ಆರು ಕೋರಿ. ಒಂದು ದಿನ ಮಗ ಗಾಜಿಗೆ ಮೂಗು ಒತ್ತಿಕೊಂಡು, "ಅಮ್ಮಾ, ನಮ್ಮ ಟ್ಯಾಂಕಲ್ಲಿ ಹೀರೋನೇ ಇಲ್ಲ, ಎಲ್ಲಾ ಸೈಡ್ ಆಕ್ಟರ್ಸ್" ಅಂದ. ಮಾತು ಸರಿಯಾಗಿಯೇ ಇತ್ತು. ಆ ಭಾನುವಾರವೇ ಹೋಗಿ ಸಿಕ್ಲಿಡ್ ಜಾತಿಯ ನಾಲ್ಕು ಜರ್ಮನ್ ಬ್ಲೂ ರ‍್ಯಾಮ್ ತಂದೆವು. ಹಳದಿ ಮೈ, ಮೇಲೆ ನೀಲಿ ಚುಕ್ಕಿ, ಕಣ್ಣಿನ ಮೇಲೆ ಹಾದುಹೋಗುವ ಕಪ್ಪು ಪಟ್ಟಿ, ಕೆಂಪು ಕಣ್ಣು. ನಿಜವಾಗಿಯೂ ಹೀರೋಗಳೇ.

ನಮ್ಮ ನೀರು ಗಡಸು ಅಂತ ಗೊತ್ತಿತ್ತು. ಅದಕ್ಕೇ ಕುಡಿಯುವ ಆರ್‌ಓ ನೀರು ಬೆರೆಸುತ್ತಿದ್ದೆ. ಐದು ತಿಂಗಳು ಯಾವ ತೊಂದರೆಯೂ ಇರಲಿಲ್ಲ. 2024ರ ಮಾರ್ಚ್ ಬಂತು. ಆ ಬೇಸಿಗೆ ಬೆಂಗಳೂರಿನಲ್ಲಿ ಇದ್ದವರಿಗೆ ಹೇಳಬೇಕಾಗಿಲ್ಲ. ನಮ್ಮ ಬೋರ್ ಬತ್ತಿತು, ಟ್ಯಾಂಕರ್ ಶುರುವಾಯಿತು. ಒಂದು ಟ್ಯಾಂಕರ್ ನೀರಿಗೆ, ನೀರಿನಲ್ಲಿ ಎಷ್ಟು ಕರಗಿದೆ ಎಂದು ಅಳೆಯುವ ನನ್ನ ಟಿಡಿಎಸ್ ಮೀಟರ್ 410 ತೋರಿಸಿದರೆ, ಮೂರು ದಿನ ಬಿಟ್ಟು ಬಂದ ಇನ್ನೊಂದಕ್ಕೆ 960. ಕುಡಿಯಲು ನೀರು ಸಾಕಾಗದ ಮನೆಯಲ್ಲಿ ಮೀನಿಗೆ ಆರ್‌ಓ ನೀರು ಹಿಡಿಯುವುದು ಹೇಗೆ? ನಮ್ಮ ಅತ್ತೆ ಬಾಯಿಬಿಟ್ಟು ಬೈಯಲಿಲ್ಲ. ಆರ್‌ಓ ನಲ್ಲಿಯ ಕೆಳಗೆ ನಾನಿಟ್ಟ ಬಕೆಟ್ ತೆಗೆದು ಅಲ್ಲಿ ತಮ್ಮ ಸ್ಟೀಲ್ ಕೊಡ ಇಟ್ಟರು, ಅಷ್ಟೇ. ರ‍್ಯಾಮ್‌ಗಳು ಮೊದಲು ಮೂಲೆ ಸೇರಿದವು. ರೆಕ್ಕೆ ಮಡಚಿಕೊಂಡವು, ಮೈ ಕಪ್ಪಿಟ್ಟಿತು, ಕಿವಿರು ಪಟಪಟ ಬಡಿದುಕೊಳ್ಳತೊಡಗಿತು. ಒಂಬತ್ತು ದಿನದಲ್ಲಿ ನಾಲ್ಕೂ ಹೋದವು. ಚೆರ‍್ರಿ ಬಾರ್ಬ್‌ಗಳಿಗೆ ಏನೂ ಆಗಲಿಲ್ಲ, ಏನೂ ನಡೆದೇ ಇಲ್ಲ ಅನ್ನುವಂತೆ ಓಡಾಡಿಕೊಂಡಿದ್ದವು.

ಆಮೇಲೆ ಯೋಚಿಸಿದಾಗ ಗೊತ್ತಾಯಿತು. ಅವಕ್ಕೆ ತೊಂದರೆ ಆದದ್ದು ಗಡಸು ನೀರಿಗಿಂತ ಹೆಚ್ಚಾಗಿ ನೀರು ದಿನಕ್ಕೊಂದು ಥರ ಆದದ್ದರಿಂದ. ಹಾಗಾಗಿ ನನ್ನ ಮೊದಲ ಸಲಹೆ: ನೀವು ಯಾವಾಗಲೂ, ಬೇಸಿಗೆಯಲ್ಲೂ, ಕೊಡಬಲ್ಲ ನೀರು ಯಾವುದೋ ಅದಕ್ಕೆ ಹೊಂದುವ ಮೀನು ತನ್ನಿ. ಮೀನು ತಂದು ಅದಕ್ಕೆ ತಕ್ಕ ನೀರು ಹುಡುಕುತ್ತಾ ಹೋಗಬೇಡಿ.

ಸಾಧು ಅಂದರೆ ಎಷ್ಟು ಸಾಧು?

ಸಿಕ್ಲಿಡ್ ಅನ್ನುವ ಹೆಸರು ಹೊಸದೆನಿಸಿದರೂ ಮೀನು ಹೊಸದಲ್ಲ. ನಮ್ಮ ಕೆರೆಗಳಲ್ಲಿ ಸಿಗುವ ಜಿಲೇಬಿ ಮೀನು, ಅದೇ ತಿಲಾಪಿಯ, ಸಿಕ್ಲಿಡ್ಡೇ. ಆಫ್ರಿಕಾದ ಮೀನು, 1952ರಲ್ಲಿ ಭಾರತಕ್ಕೆ ತಂದದ್ದು, ಈಗ ಊರೂರ ಕೆರೆಯಲ್ಲಿ ತುಂಬಿಕೊಂಡಿದೆ. ವಾಸ್ತು ಅಂತ ಹೋಟೆಲ್ ಕೌಂಟರ್ ಪಕ್ಕ ಇಡುವ, ತಲೆಯ ಮೇಲೆ ಬುಗುಟು ಇರುವ ಫ್ಲವರ್‌ಹಾರ್ನ್ ಕೂಡ ಸಿಕ್ಲಿಡ್. ಅದನ್ನು ಗಿಡದ ಟ್ಯಾಂಕಿಗೆ ಬಿಟ್ಟರೆ ಬೆಳಿಗ್ಗೆ ಅಷ್ಟೊತ್ತಿಗೆ ಗಿಡವೆಲ್ಲ ತೇಲುತ್ತಿರುತ್ತದೆ, ಜೊತೆಯ ಮೀನು ಹೊಟ್ಟೆ ಸೇರಿರುತ್ತದೆ.

ಈ ಕುಟುಂಬದ ಮೀನಿಗೆ ಒಂದು ಗುಣ ಇದೆ. ಮೊಟ್ಟೆ ಇಟ್ಟು ಸುಮ್ನೆ ಹೋಗುವುದಿಲ್ಲ, ಕಾಯುತ್ತದೆ, ಮರಿ ಸಾಕುತ್ತದೆ. ಮರಿ ಸಾಕುವ ಯಾವ ಪ್ರಾಣಿಯೂ ಪೂರ್ತಿ ಸಾಧು ಅಲ್ಲ, ಅಲ್ವಾ? ಆದ್ದರಿಂದ ಅಂಗಡಿಯವರು "ಪೀಸ್‌ಫುಲ್ ಮೇಡಂ" ಅಂದರೆ, ಮರಿ ಇಲ್ಲದಾಗ ಸಾಧು ಎಂದು ಅರ್ಥ ಮಾಡಿಕೊಳ್ಳಿ. ಗಿಡದ ಟ್ಯಾಂಕಿಗೆ ನಮಗೆ ಬೇಕಾದ್ದು ಬೇರು ಕೀಳದ, ಎಲೆ ತಿನ್ನದ, ಸಿಟ್ಟು ಬಂದರೂ ಒಂದು ಅಡಿ ಜಾಗಕ್ಕಷ್ಟೇ ಸಿಟ್ಟು ತೋರಿಸುವ ಮೀನು. ಅಂಥವು ಹೆಚ್ಚಾಗಿ ಬೆರಳುದ್ದದ ಕುಳ್ಳ ಸಿಕ್ಲಿಡ್‌ಗಳು.

ನೀರು ಅಳೆಯುವುದು

ಬೇಳೆ ಲೆಕ್ಕ ಮೊದಲ ಅಂದಾಜಿಗೆ ಸಾಕು. ಆಮೇಲೆ 200-300 ರೂಪಾಯಿಯ ಟಿಡಿಎಸ್ ಮೀಟರ್ ಒಂದು ತಗೊಳ್ಳಿ. ಪೆನ್ನಿನ ಹಾಗೆ ಇರುತ್ತದೆ. ಆದರೆ ಅದು ಹೇಳುವುದು ನೀರಿನಲ್ಲಿ ಒಟ್ಟು ಎಷ್ಟು ಕರಗಿದೆ ಅಂತ ಮಾತ್ರ, ಏನು ಕರಗಿದೆ ಅಂತಲ್ಲ. ಗಡಸುತನ ಬೇರೆಯಾಗಿ ತಿಳಿಯಬೇಕಾದರೆ ಹನಿ ಹಾಕಿ ಬಣ್ಣ ನೋಡುವ ಜಿಎಚ್ (ಒಟ್ಟು ಗಡಸುತನ), ಕೆಎಚ್ (ಕಾರ್ಬೊನೇಟ್ ಗಡಸುತನ) ಕಿಟ್ ಬೇಕು.

ಅಪಾರ್ಟ್‌ಮೆಂಟಿನವರು ಇಲ್ಲಿ ಎಡವುತ್ತಾರೆ. ಬಿಲ್ಡಿಂಗಿಗೆ ಸಾಫ್ಟ್‌ನರ್ ಹಾಕಿರುತ್ತಾರೆ. ಸೋಪು ಚೆನ್ನಾಗಿ ನೊರೆ ಬರುತ್ತದೆ, ಬೇಳೆಯೂ ಬೇಯುತ್ತದೆ. ಮೆದು ನೀರು ಅಂದುಕೊಂಡು ರ‍್ಯಾಮ್ ತರುತ್ತಾರೆ. ಆದರೆ ಉಪ್ಪು ಹಾಕುವ ಆ ಸಾಫ್ಟ್‌ನರ್ ಮಾಡುವುದು ಕ್ಯಾಲ್ಸಿಯಂ ತೆಗೆದು ಆ ಜಾಗಕ್ಕೆ ಸೋಡಿಯಂ ಕೂರಿಸುವ ಕೆಲಸ. ಮೀಟರ್‌ನಲ್ಲಿ ಟಿಡಿಎಸ್ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಆ ನೀರು ಮೀನಿಗೂ ಒಳ್ಳೆಯದಲ್ಲ, ಗಿಡಕ್ಕೂ ಅಲ್ಲ. ಸಾಧ್ಯವಾದರೆ ಸಾಫ್ಟ್‌ನರ್‌ಗೆ ಹೋಗುವ ಮುಂಚಿನ ನೀರು ಹಿಡಿಯಿರಿ.

ಆರ್‌ಓ ಬೆರೆಸುವವರಿಗೆ ಲೆಕ್ಕ ಸುಲಭ. ನಮ್ಮ ಬೋರ್ 780 ಇತ್ತು, ಆರ್‌ಓ 40. ಒಂದು ಪಾಲು ಬೋರ್, ಮೂರು ಪಾಲು ಆರ್‌ಓ ಸೇರಿಸಿದರೆ 225 ಆಗುತ್ತದೆ. ವಾರಕ್ಕೆ ಕಾಲು ಭಾಗ ನೀರು ಬದಲಿಸಬೇಕು ಅಂದರೆ ನನಗೆ 32 ಲೀಟರ್, ಅದರಲ್ಲಿ 24 ಆರ್‌ಓ. ಆ 24 ಲೀಟರ್‌ಗೆ ಮನೆಯ ಫಿಲ್ಟರ್ ಎಷ್ಟು ನೀರು ಹೊರಗೆ ಚೆಲ್ಲುತ್ತದೆ ಎಂದು ಒಂದು ಸಲ ಬಕೆಟ್ ಇಟ್ಟು ನೋಡಿ. ನಾನು ನೋಡಿದೆ. ಎರಡು ಬಕೆಟ್ ತುಂಬಿ ಮೂರನೆಯದು ಶುರುವಾಯಿತು. ಗಡಸು ನೀರಿನವರು ರ‍್ಯಾಮ್ ಆಸೆ ಬಿಡಲು ನನ್ನ ಮಟ್ಟಿಗೆ ಅಷ್ಟು ಕಾರಣ ಸಾಕು.

ಬೇಳೆ ಬೇಯದ ನೀರಿಗೆ: ಕ್ರಿಬ್

ರ‍್ಯಾಮ್ ಹೋದಮೇಲೆ ಐದು ತಿಂಗಳು ಏನೂ ತರಲಿಲ್ಲ. ಆಗಸ್ಟ್‌ನಲ್ಲಿ, ಬೋರ್ ಮತ್ತೆ ನೀರು ಕೊಡಲು ಶುರುವಾದಮೇಲೆ, ಒಂದು ಜೋಡಿ ಕ್ರಿಬೆನ್ಸಿಸ್ ತಂದೆ. ಎಲ್ಲರೂ ಕ್ರಿಬ್ ಅಂತಲೇ ಕರೆಯುವುದು. ನೈಜೀರಿಯಾ, ಕ್ಯಾಮರೂನ್ ಕಡೆಯ ಮೀನು. ಆರ್‌ಓ ಬೆರೆಸುವುದನ್ನು ಪೂರ್ತಿ ನಿಲ್ಲಿಸಿದ್ದೆ. 780 ಟಿಡಿಎಸ್ ನೀರಿನಲ್ಲಿ ಅವು ಎರಡು ವಾರದಲ್ಲಿ ಬಣ್ಣ ಏರಿಸಿಕೊಂಡವು.

ಈ ಮೀನಿನಲ್ಲಿ ಹೆಣ್ಣೇ ಚೆಂದ. ಗಂಡು ಉದ್ದ, ಹತ್ತು ಸೆಂಟಿಮೀಟರ್ ತನಕ ಹೋಗುತ್ತದೆ, ಬೆನ್ನಿನ ರೆಕ್ಕೆಯ ತುದಿ ಚೂಪು. ಹೆಣ್ಣು ಗಿಡ್ಡ, ದುಂಡಗೆ, ರೆಕ್ಕೆಯ ತುದಿಯೂ ದುಂಡು, ಹೊಟ್ಟೆ ಮಾತ್ರ ಮಾಗಿದ ನೇರಳೆ ಹಣ್ಣನ್ನು ಹಿಂಡಿ ಬಳಿದ ಹಾಗೆ ಕೆಂಪು-ನೇರಳೆ. ಮೊಟ್ಟೆಯಿಡುವ ಕಾಲಕ್ಕೆ ಅದು ಗಂಡಿನ ಮುಂದೆ ಮೈ ಬಿಲ್ಲಿನ ಹಾಗೆ ಬಗ್ಗಿಸಿ, ಆ ಹೊಟ್ಟೆ ಕಾಣುವಂತೆ ಅಡ್ಡ ನಿಂತು ನಡುಗುತ್ತದೆ. ನಮ್ಮ ಅತ್ತೆ ಮೊದಲ ಸಲ ನೋಡಿ, "ಇವಳಿಗೆ ಮೈಮೇಲೆ ಬಂತಾ?" ಅಂದರು.

ಕ್ರಿಬ್‌ಗೆ ಗುಹೆ ಬೇಕೇ ಬೇಕು. ಅಂಗಡಿಯ ಪ್ಲಾಸ್ಟಿಕ್ ಗುಹೆ ಬೇಡ. ತೆಂಗಿನಕಾಯಿ ಕರಟ ಒಂದು ತಗೊಂಡು, ಅಂಚಿನಲ್ಲಿ ಹೆಬ್ಬೆರಳು ತೂರುವಷ್ಟು ಹ್ಯಾಕ್‌ಸಾ ಬ್ಲೇಡಿನಿಂದ ಕೊರೆದು, ಕೊಬ್ಬರಿ ಒಂದು ಚೂರೂ ಉಳಿಯದಂತೆ ಕೆರೆದು, ಎರಡು ಮೂರು ಸಲ ನೀರು ಬದಲಿಸಿ ಕುದಿಸಿ, ಬೋರಲು ಹಾಕಿ. ಬಾಯಿ ನಿಮ್ಮ ಕಡೆ ಪೂರ್ತಿ ತಿರುಗಿರಬಾರದು, ಸ್ವಲ್ಪ ಓರೆ ಇರಲಿ. ನಮ್ಮದು ನವೆಂಬರ್‌ನಲ್ಲಿ ಆ ಕರಟದ ಒಳಗೆ, ಮೇಲಿನ ಗೋಡೆಗೆ ಮೊಟ್ಟೆ ಅಂಟಿಸಿತ್ತು. ನನಗೆ ಗೊತ್ತಾದದ್ದು ಹೆಣ್ಣು ಕಾಣದೇ ಹೋದಾಗ. ಸತ್ತಿರಬೇಕು ಅಂದುಕೊಂಡೆ. ಒಂದು ವಾರ ದಾಟಿದ ಮೇಲೆ ಬೆಳಿಗ್ಗೆ ಆರೂವರೆಗೆ, ಕಾಫಿ ಲೋಟ ಹಿಡಿದು ಲೈಟ್ ಹಾಕಿದರೆ ಕರಟದ ಮುಂದೆ ಸಾಸಿವೆ ಚೆಲ್ಲಿದ ಹಾಗೆ ಮರಿಗಳು. ಮೇಲೆ ತಾಯಿ. ನನ್ನ ನೆರಳು ಬಿದ್ದದ್ದೇ ತಡ, ಅದು ಮೈ ಒಂದು ಸಲ ಕುಲುಕಿತು. ಅಷ್ಟಕ್ಕೇ ಮರಿಗಳೆಲ್ಲ ಮರಳಿಗೆ ಅಂಟಿಕೊಂಡು ಕಾಣದಾದವು. ಆ ದಿನ ಬ್ಯಾಂಕಿಗೆ ಇಪ್ಪತ್ತು ನಿಮಿಷ ತಡವಾಗಿ ಹೋದೆ.

ಇನ್ನು ಇದರ ಕಷ್ಟ. ಮರಿ ಇದ್ದ ಮೂರು ನಾಲ್ಕು ವಾರ ಟ್ಯಾಂಕಿನ ಆ ಮೂಲೆ ಅವರದ್ದು. ಚೆರ‍್ರಿ ಬಾರ್ಬ್ ಒಂದೆರಡು ಏಟು ತಿಂದು ಬುದ್ಧಿ ಕಲಿತವು, ಮೇಲೆ ಇದ್ದವು. ಕೋರಿಗಳಿಗೆ ಆ ಬುದ್ಧಿ ಇಲ್ಲ. ನೆಲದ ಮೇಲೆ ಮೂಸುತ್ತಾ ಸೀದಾ ಗುಹೆಯ ಬಾಗಿಲಿಗೇ ಹೋಗುತ್ತವೆ. ಒಂದರ ಬಾಲ ಅರ್ಧ ಹರಿದಿತ್ತು. ಆರನ್ನೂ ತೆಗೆದು ಪಕ್ಕದ ಮನೆಯ ಹುಡುಗನಿಗೆ ಕೊಟ್ಟೆ. ಕ್ರಿಬ್ ಇಡುವುದಾದರೆ, ಟ್ಯಾಂಕ್ ನಾಲ್ಕು ಅಡಿಗಿಂತ ಚಿಕ್ಕದಿದ್ದರೆ, ನೆಲದಲ್ಲಿ ಓಡಾಡುವ ಬೇರೆ ಮೀನು ಬೇಡ. ಒಂದೇ ಜೋಡಿ ಸಾಕು. ಗುಹೆಯ ಸುತ್ತ ಸ್ವಲ್ಪ ಮರಳು ತೋಡುತ್ತದೆ, ಅಲ್ಲಿರುವ ಗಿಡದ ಬುಡಕ್ಕೆ ನಾಲ್ಕು ಕಲ್ಲು ಒತ್ತಿ. ಗಿಡ ತಿನ್ನುವುದಿಲ್ಲ.

ಮರಿ ಸಾಕುವ ಆಸೆ ಇದ್ದರೆ ಒಂದು ವಿಚಿತ್ರ ಸಂಗತಿ: ಕ್ರಿಬ್ ಮರಿಗಳಲ್ಲಿ ಗಂಡೆಷ್ಟು ಹೆಣ್ಣೆಷ್ಟು ಎಂಬುದು ನೀರಿನ ಹುಳಿ ಅಳೆಯುವ ಪಿಎಚ್ ಮೇಲೂ ನಿಂತಿದೆ. ಹುಳಿ ನೀರಾದರೆ ಗಂಡು ಜಾಸ್ತಿ.

ನಡುವಿನ ನೀರಿಗೆ: ಬೊಲಿವಿಯನ್ ರ‍್ಯಾಮ್

ನಿಮ್ಮ ನೀರು ಅತ್ತ ಗಡಸೂ ಅಲ್ಲ ಇತ್ತ ಮೆದುವೂ ಅಲ್ಲ, ಟಿಡಿಎಸ್ 250ರಿಂದ 450ರ ಆಸುಪಾಸು, ಹೀಟರ್ 28ಕ್ಕೆ ಇಡುವ ಮನಸ್ಸಿಲ್ಲ ಅಂದರೆ ಇದೇ ಸರಿ. ಹೊಸಬರಿಗೆ ನಾನು ಕಣ್ಣುಮುಚ್ಚಿ ಹೇಳುವ ಮೀನೂ ಇದೇ. ಬೊಲಿವಿಯಾ, ಬ್ರೆಜಿಲ್‌ನ ಮಮೊರೆ, ಗ್ವಪೊರೆ ನದಿಗಳ ಕಡೆಯದು. 23ರಿಂದ 27 ಡಿಗ್ರಿ ಸಾಕು, ಅಂದರೆ ನಮ್ಮ ಬಯಲುಸೀಮೆಯಲ್ಲಿ ಹೀಟರ್ ಬೇಕಾಗುವುದು ಚಳಿಗಾಲಕ್ಕೆ ಮಾತ್ರ.

ತೊಂದರೆ ಏನೆಂದರೆ ಅಂಗಡಿಯಲ್ಲಿ ಇದು ಯಾರ ಕಣ್ಣಿಗೂ ಬೀಳುವುದಿಲ್ಲ. ಮಂಕು ಬೂದು ಬಣ್ಣ, ಮಧ್ಯೆ ಒಂದು ಕಪ್ಪು ಮಚ್ಚೆ. ಪಕ್ಕದ ತೊಟ್ಟಿಯಲ್ಲಿ ಜರ್ಮನ್ ಬ್ಲೂ ಮಿರಮಿರ ಮಿಂಚುತ್ತಿರುತ್ತದೆ. ಮನೆಗೆ ಬಂದು ಎರಡು ತಿಂಗಳಾದ ಮೇಲೆ ನೋಡಿ. ಎದೆಭಾಗ ಹಳದಿಗೆ ತಿರುಗುತ್ತದೆ, ರೆಕ್ಕೆಗಳಿಗೆ ಕೆಂಪು ಅಂಚು ಬರುತ್ತದೆ, ಬಾಲದ ತುದಿಗಳು ಎಳೆ ಎಳೆಯಾಗಿ ಉದ್ದ ಬೆಳೆಯುತ್ತವೆ. ಮರಳು ಬಾಯಿಗೆ ತುಂಬಿಕೊಂಡು ಜಗಿದು ಕಿವಿರಿನಿಂದ ಹೊರಗೆ ಬಿಡುತ್ತಾ ಕೂರುತ್ತದೆ, ಮೊರದಲ್ಲಿ ಅಕ್ಕಿ ಕೇರುವವರ ಹಾಗೆ, ಅವಸರವೇ ಇಲ್ಲ. ಒಂದೇ ಒಂದು ಇಟ್ಟರೂ ನೆಮ್ಮದಿಯಾಗಿರುತ್ತದೆ. ನನ್ನ ಅಣ್ಣನ ಮನೆಯಲ್ಲಿ, ಹಾಸನದಲ್ಲಿ, ಒಂಟಿ ಬೊಲಿವಿಯನ್ ಒಂದು ಇದೆ. ಅಣ್ಣ ಸೋಫಾದಲ್ಲಿ ಈ ತುದಿಯಿಂದ ಆ ತುದಿಗೆ ಸರಿದರೆ ಅದೂ ಗಾಜಿನ ಆ ತುದಿಗೆ ಹೋಗುತ್ತದೆ.

ಮರಳಿನ ವಿಷಯ ಬಂದದ್ದರಿಂದ ಹೇಳಿಬಿಡುತ್ತೇನೆ. ಮನೆ ಕಟ್ಟುವ ಕಡೆಯಿಂದ ಎಂ-ಸ್ಯಾಂಡ್ ತಂದು ಹಾಕಬೇಡಿ. ಅದು ಕಲ್ಲು ಪುಡಿ ಮಾಡಿದ್ದು, ಕಾಳುಗಳು ಮೊನಚು. ಮರಳು ಜಗಿಯುವ ಮೀನಿನ ಬಾಯಿಗೆ, ಕಿವಿರಿಗೆ ಅದು ಆಗಿಬರುವುದಿಲ್ಲ. ಹೊಳೆ ಮರಳು ಅಥವಾ ಅಂಗಡಿಯಲ್ಲಿ ಸಿಗುವ ದುಂಡು ಕಾಳಿನ ನಯ ಮರಳು ಆಗಬೇಕು. ಕಲ್ಲು ಹಾಕುವ ಮುಂಚೆ ನಿಂಬೆಹಣ್ಣು ಹಿಂಡಿ ನೋಡಿ. ನೊರೆ ಎದ್ದರೆ ಅದರಲ್ಲಿ ಸುಣ್ಣ ಇದೆ, ನೀರನ್ನು ಇನ್ನೂ ಗಡಸು ಮಾಡುತ್ತದೆ. ಬಿಳಿ ಮಾರ್ಬಲ್ ಚೂರುಗಳೂ ಅಷ್ಟೇ.

ಬೇಳೆ ಬೇಯುವ ನೀರಿಗೆ: ಜರ್ಮನ್ ಬ್ಲೂ, ಕಾಕಟೂ

ಹೆಸರು ಜರ್ಮನ್, ಊರು ಮಾತ್ರ ದಕ್ಷಿಣ ಅಮೆರಿಕ. ವೆನೆಜುವೆಲಾ, ಕೊಲಂಬಿಯಾದ ಓರಿನೋಕೋ ನದಿಯ ಹುಲ್ಲುಗಾವಲು ಸೀಮೆ, ಬಿಸಿಲಿಗೆ ಕಾದ ಮೆದು ನೀರು. ಆದ್ದರಿಂದ ಇದಕ್ಕೆ 27ರಿಂದ 30 ಡಿಗ್ರಿ ಬೇಕು, ವರ್ಷವಿಡೀ. ಡಿಸೆಂಬರ್ ರಾತ್ರಿ ನಮ್ಮ ಹಾಲ್ 20ಕ್ಕೆ ಇಳಿಯುತ್ತದೆ. 130 ಲೀಟರ್‌ಗೆ 150 ವ್ಯಾಟ್ ಹೀಟರ್ ಇಲ್ಲದೆ ಈ ಮೀನಿನ ಮಾತೇ ಬೇಡ.

ಆ ಬಿಸಿಗೆ ಎಲ್ಲ ಗಿಡವೂ, ಎಲ್ಲ ಮೀನೂ ಒಗ್ಗುವುದಿಲ್ಲ, ಇದನ್ನು ಮರೆಯುವವರು ಜಾಸ್ತಿ. ಕ್ರಿಪ್ಟೋಕೋರೈನ್, ಅನೂಬಿಯಸ್, ಅಮೆಜಾನ್ ಸ್ವೋರ್ಡ್, ವ್ಯಾಲಿಸ್ನೇರಿಯಾ 28 ಡಿಗ್ರಿಯಲ್ಲಿ ಚೆನ್ನಾಗಿಯೇ ಇರುತ್ತವೆ. ನೆಲಕ್ಕೆ ಹಾಸುವ ನಾಜೂಕು ಹುಲ್ಲು ಸೊರಗುತ್ತದೆ. ಜೊತೆಗೆ ನಿಯಾನ್ ಟೆಟ್ರಾ ಬೇಡ, ಅದು ತಂಪು ಕೇಳುತ್ತದೆ. ಕಾರ್ಡಿನಲ್ ಟೆಟ್ರಾ ಆಗಬಹುದು, ನೋಡಲು ಅದರ ಅಣ್ಣನಂತೆ. ಕೋರಿ ಬೇಕಾದರೆ ಸ್ಟೆರ್ಬಾಯ್ ಅನ್ನುವ ಜಾತಿ.

ಬಾದಾಮಿ ಎಲೆ ಹಾಕಿದರೆ ಗಡಸು ನೀರು ಮೆದುವಾಗುತ್ತದೆ ಎಂದು ಯಾರೋ ಹೇಳಿದ್ದು ಕೇಳಿ ನಾನು ರಸ್ತೆ ಬದಿಯ ಕಾಡುಬಾದಾಮಿ ಮರದ ಕೆಳಗೆ ಒಣಗಿದ ಎಲೆ ಆರಿಸಿದ್ದೂ ಉಂಟು. ನೀರು ಟೀ ಬಣ್ಣಕ್ಕೆ ಬರುತ್ತದೆ, ಮೀನಿಗೆ ಇಷ್ಟ, ನೋಡಲೂ ಚೆಂದ. ಆದರೆ 780ರ ಬೋರ್ ನೀರನ್ನು ಅದು ಅಲುಗಾಡಿಸಲೂ ಇಲ್ಲ. ಮೊದಲೇ ಮೆದುವಾಗಿದ್ದ ನೀರಿನಲ್ಲಿ ಮಾತ್ರ ಪಿಎಚ್ ಸ್ವಲ್ಪ ಇಳಿಸುತ್ತದೆ.

ಕಾಕಟೂ ಅನ್ನುವ ಕುಳ್ಳ ಸಿಕ್ಲಿಡ್ ಇದೇ ನೀರಿನ ಇನ್ನೊಂದು ಆಯ್ಕೆ, ರ‍್ಯಾಮ್‌ಗಿಂತ ಸ್ವಲ್ಪ ಗಟ್ಟಿ. ಗಂಡಿನ ಬೆನ್ನಿನ ರೆಕ್ಕೆ ಕೋಳಿ ಜುಟ್ಟಿನ ಹಾಗೆ ಮೇಲೆದ್ದು ಕೆಂಪು ಉರಿಯುತ್ತಿರುತ್ತದೆ. ಒಂದು ಗಂಡಿಗೆ ಎರಡು ಮೂರು ಹೆಣ್ಣು, ಹೆಣ್ಣಿಗೊಂದು ಕರಟ. ಮರಿ ಕಾಯುವಾಗ ಹೆಣ್ಣು ನಿಂಬೆಹಳದಿಗೆ ತಿರುಗಿ ಗಂಡನ್ನೇ ಓಡಿಸುತ್ತದೆ. ಹುಳುಗಳಂಥ ಆಹಾರ ಹೆಚ್ಚು ಕೇಳುತ್ತದೆ.

ಉಳಿದವುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಏಂಜೆಲ್ ಸಾಧುವೇ, ಗಿಡದ ನಡುವೆ ಅದರಷ್ಟು ಚೆಂದ ಇನ್ನೊಂದಿಲ್ಲ. ಆದರೆ ಒಂದೂವರೆ ಅಡಿ ಎತ್ತರದ ನೀರು ಬೇಕು, ಬೆಳೆದ ಮೇಲೆ ಚಿಕ್ಕ ಟೆಟ್ರಾಗಳನ್ನು ರಾತ್ರಿ ಒಂದೊಂದಾಗಿ ನುಂಗುತ್ತದೆ. ಎಲೆಕ್ಟ್ರಿಕ್ ಬ್ಲೂ ಅಕಾರಾ ಒಳ್ಳೆಯ ಮೀನು, ಒಂದು ಗೇಣಿಗೆ ಸ್ವಲ್ಪ ಕಡಿಮೆ ಬೆಳೆಯುತ್ತದೆ, ನಾಲ್ಕು ಅಡಿ ಟ್ಯಾಂಕಿನವರಿಗೆ ಮಾತ್ರ. ಡಿಸ್ಕಸ್ ಬೇಡ, ಮೊದಲ ಸಿಕ್ಲಿಡ್ ಆಗಿ ಖಂಡಿತ ಬೇಡ. ಗಡಸು ನೀರು ಅಂದ ತಕ್ಷಣ ಅಂಗಡಿಯವರು ಮಲಾವಿ ಸರೋವರದ ಹಳದಿ, ನೀಲಿ ಮೀನು ತೋರಿಸುತ್ತಾರೆ. ನೀರು ಅವಕ್ಕೆ ಒಗ್ಗುತ್ತದೆ, ನಿಮ್ಮ ಗಿಡ, ಟೆಟ್ರಾಗಳಿಗೆ ಅವು ಒಗ್ಗುವುದಿಲ್ಲ.

ಒಂದು ಮಾತು ನಮ್ಮವುಗಳ ಬಗ್ಗೆ. ಭಾರತದ ಸ್ವಂತ ಸಿಕ್ಲಿಡ್ ಮೂರೇ ಮೂರು. ಕೇರಳದವರು ಕರಿಮೀನ್ ಎಂದು ಬಾಳೆಲೆಯಲ್ಲಿ ಸುತ್ತಿ ಸುಡುವುದು ಒಂದು, ಅದು ದೊಡ್ಡದು. ಎರಡನೆಯದು ಆರೆಂಜ್ ಕ್ರೊಮೈಡ್, ಎಂಟು ಸೆಂಟಿಮೀಟರ್, ಅರಿಶಿನ ಬಣ್ಣ, ಗಡಸು ನೀರಿಗೆ ಹೇಳಿ ಮಾಡಿಸಿದ್ದು. ಆರೇಳು ಒಟ್ಟಿಗೆ ಇದ್ದರೆ ಸಾಧು, ಮೆತ್ತನೆ ಗಿಡ ಸ್ವಲ್ಪ ಕಚ್ಚುತ್ತದೆ, ಅನೂಬಿಯಸ್ ಥರದ ಗಟ್ಟಿ ಎಲೆ ಬಿಡುತ್ತದೆ. ಅಂಗಡಿಯಲ್ಲಿ ಅಪರೂಪ, ಸಿಕ್ಕರೆ ಬಿಡಬೇಡಿ. ಮೂರನೆಯದು ನಮ್ಮ ದಕ್ಷಿಣ ಕನ್ನಡದ್ದೇ, ನೇತ್ರಾವತಿ, ಕುಮಾರಧಾರಾ ನದಿಗಳ ಕಡೆ ಇರುವ ಕೆನರಾ ಪರ್ಲ್‌ಸ್ಪಾಟ್. ಅಳಿವಿನಂಚಿನ ಪಟ್ಟಿಯಲ್ಲಿದೆ. ಹೊಳೆಯಿಂದ ಹಿಡಿದು ತಂದು ಮಾರುತ್ತಿದ್ದರೆ ಕೊಳ್ಳಬೇಡಿ.

ಅಂಗಡಿಯಲ್ಲಿ

ಭಾನುವಾರ ಸಂಜೆ ಹೋಗಬೇಡಿ. ವಾರದ ಮಧ್ಯೆ ಹೋಗಿ, ಅಂಗಡಿಯವರಿಗೂ ಮಾತಾಡಲು ಪುರುಸೊತ್ತಿರುತ್ತದೆ. ನಾನು ಮೊದಲು ಕೇಳುವ ಪ್ರಶ್ನೆ, "ಈ ಮೀನು ಬಂದು ಎಷ್ಟು ದಿನ ಆಯ್ತು?" ಒಬ್ಬರು ಹೆಮ್ಮೆಯಿಂದ, "ಇವತ್ತೇ ಚೆನ್ನೈಯಿಂದ ಬಂದಿದ್ದು ಮೇಡಂ, ಫುಲ್ ಫ್ರೆಶ್" ಅಂದರು. ಫ್ರೆಶ್ ಇರಬೇಕಾದ್ದು ಸೊಪ್ಪು. ಮೀನು ಅಂಗಡಿಯಲ್ಲಿ ಹತ್ತು ದಿನವಾದರೂ ಕಳೆದಿರಬೇಕು. ಸಾಯುವಂಥವು ಅಷ್ಟರಲ್ಲಿ ಸತ್ತಿರುತ್ತವೆ.

ಎರಡನೆಯದು, ಪರ್ಸಿನಿಂದ ಟಿಡಿಎಸ್ ಮೀಟರ್ ತೆಗೆದು ಅವರ ತೊಟ್ಟಿಯ ನೀರು ಅಳೆಯುವುದು. ನಾನು ಖಾಯಂ ಹೋಗುವ ಅಂಗಡಿಯ ಹುಡುಗ, "ಅಕ್ಕ ಬಂದ್ರು, ಮೀನಿಗೆ ಜ್ವರ ನೋಡ್ತಾರೆ" ಅಂತ ನಗುತ್ತಾನೆ. ನಗಲಿ. ಅವರ ನೀರು, ನನ್ನ ನೀರು ಹತ್ತಿರ ಇದ್ದರೆ ಅರ್ಧ ಚಿಂತೆ ಕಳೆಯಿತು.

ಆಮೇಲೆ ಗಾಜಿನಿಂದ ಎರಡು ಅಡಿ ದೂರ ನಿಂತು ಹತ್ತು ನಿಮಿಷ ಸುಮ್ನೆ ನೋಡಿ. ಗಾಜು ತಟ್ಟಬೇಡಿ. ಹೊಟ್ಟೆ ಒಳಗೆ ಹೋಗಿದೆಯಾ? ಬಿಳಿ ದಾರದ ಥರ ಮಲ ನೇತಾಡುತ್ತಿದೆಯಾ? ಹಾಗಿದ್ದರೆ ಹೊಟ್ಟೆಯಲ್ಲಿ ಏನೋ ಸೇರಿಕೊಂಡಿದೆ ಎಂದೇ ತಿಳಿಯಿರಿ, ಆ ತೊಟ್ಟಿಯ ಯಾವ ಮೀನೂ ಬೇಡ. ಚೂರು ಆಹಾರ ಹಾಕಿಸಿ. ಮುನ್ನುಗ್ಗಿ ಬರುವುದನ್ನು ಆರಿಸಿ, ಕನಿಕರಪಟ್ಟು ಮೂಲೆಯಲ್ಲಿರುವುದನ್ನು ಅಲ್ಲ. ಈ ತಪ್ಪು ನಾನು ಎರಡು ಸಲ ಮಾಡಿದ್ದೇನೆ.

ರ‍್ಯಾಮ್ ಕೊಳ್ಳುವಾಗ ಇನ್ನೊಂದು. ಒಂದಿಂಚಿನ ಮರಿಗಳೆಲ್ಲ ದೊಡ್ಡವಕ್ಕಿಂತ ಜಾಸ್ತಿ ಬಣ್ಣ ಹೊಳೆಯುತ್ತಿದ್ದರೆ ಅನುಮಾನ ಪಡಿ. ಬಣ್ಣ ಬೇಗ ಬರಲೆಂದು ಹಾರ್ಮೋನ್ ಕೊಟ್ಟು ಬೆಳೆಸುವವರಿದ್ದಾರೆ. ಮನೆಗೆ ಬಂದಮೇಲೆ ಮಂಕಾಗುತ್ತದೆ, ಬೇಗ ಸಾಯುತ್ತದೆ, ಮೊಟ್ಟೆ ಇಟ್ಟರೂ ಮರಿ ಆಗುವುದಿಲ್ಲ. ಗುಂಪಿನಲ್ಲಿ ಹೊಟ್ಟೆ ಗುಲಾಬಿ ಇರುವ ಹೆಣ್ಣುಗಳು ಕಾಣುತ್ತವೆಯೇ ನೋಡಿ. ಹೆಣ್ಣಿಗೆ ಮೈಮಧ್ಯದ ಕಪ್ಪು ಮಚ್ಚೆಯೊಳಗೂ ನೀಲಿ ಚುಕ್ಕಿ ಇರುತ್ತದೆ, ಗಂಡಿಗೆ ಸಾಮಾನ್ಯವಾಗಿ ಇರುವುದಿಲ್ಲ, ಆದರೆ ಬೆನ್ನಿನ ಮುಂದಿನ ಮುಳ್ಳು ಉದ್ದ. ಬಲೂನ್ ರ‍್ಯಾಮ್ ಎಂದು ಬೆನ್ನು ಕುಗ್ಗಿಸಿದ ಮೀನು ಮಾರುತ್ತಾರಲ್ಲ, ಅದನ್ನು ನಾನು ಕೊಳ್ಳುವುದಿಲ್ಲ.

ಮನೆಗೆ ತಂದಮೇಲೆ

ಟ್ಯಾಂಕ್ ಹೊಸದಾಗಿದ್ದರೆ ಸಿಕ್ಲಿಡ್ ಈಗಲೇ ಬೇಡ. ಫಿಲ್ಟರ್‌ನಲ್ಲಿ ಬ್ಯಾಕ್ಟೀರಿಯಾ ಕೂರಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದಮೇಲೆ ಮೊದಲು ಟೆಟ್ರಾ ಬಿಡಿ. ಕಡೆಗೆ ಬರುವವನೇ ಹೀರೋ. ಮೊದಲೇ ಬಂದರೆ ಟ್ಯಾಂಕ್ ಪೂರ್ತಿ ನನ್ನದು ಅಂದುಕೊಳ್ಳುತ್ತಾನೆ.

ಕವರ್‌ನಿಂದ ಸೀದಾ ಸುರಿಯಬೇಡಿ. ಮೀನನ್ನು ಬಕೆಟ್ಟಿಗೆ ಬಿಟ್ಟು, ಏರ್ ಪಂಪ್‌ನ ಸಣ್ಣ ಪೈಪಿಗೆ ಒಂದು ಸಡಿಲ ಗಂಟು ಹಾಕಿ, ಟ್ಯಾಂಕ್ ನೀರು ಹನಿಹನಿಯಾಗಿ ಬೀಳುವಂತೆ ಮಾಡಿ. ಒಂದು ಗಂಟೆ, ನೀರಿನ ವ್ಯತ್ಯಾಸ ಜಾಸ್ತಿ ಇದ್ದರೆ ಎರಡು. ಆ ಬಕೆಟ್ ನೀರು ಟ್ಯಾಂಕಿಗೆ ಹಾಕದೆ ಮೀನನ್ನು ಮಾತ್ರ ಎತ್ತಿ ಬಿಡಿ. ಆ ದಿನ ಲೈಟ್ ಬೇಡ, ಊಟವೂ ಬೇಡ. ಮಹಾನಗರಪಾಲಿಕೆ ನೀರಾದರೆ ಕ್ಲೋರಿನ್ ತೆಗೆಯುವ ಹನಿ ಹಾಕಲು ಮರೆಯಬೇಡಿ.

ನಾವು 2025ರ ಮೇ ತಿಂಗಳಲ್ಲಿ ಮೈಸೂರಿಗೆ ಬಂದೆವು, ಕುವೆಂಪುನಗರಕ್ಕೆ. ಸಾಮಾನು ಇಳಿಸಿದ ದಿನವೇ ನಲ್ಲಿ ನೀರಿಗೆ ಮೀಟರ್ ಇಟ್ಟೆ, 190. ಅತ್ತೆ ಮೂರು ವಿಷಲ್‌ಗೇ ಕುಕ್ಕರ್ ಇಳಿಸಿದರು. ಕ್ರಿಬ್ ಜೋಡಿಯನ್ನು ಹಳೆಯ ನೀರಿನಲ್ಲೇ ತಂದಿದ್ದೆ, ಐದು ವಾರ ತಗೊಂಡು ನಿಧಾನವಾಗಿ ಹೊಸ ನೀರಿಗೆ ಹೊಂದಿಸಿದೆ. ದೀಪಾವಳಿ ಹೊತ್ತಿಗೆ ಎರಡನೆಯ ಟ್ಯಾಂಕ್ ತಯಾರಾಗಿತ್ತು, ಹೀಟರ್ 28ಕ್ಕೆ, ಹತ್ತು ಕಾರ್ಡಿನಲ್, ಮತ್ತೆ ಎರಡು ಜರ್ಮನ್ ಬ್ಲೂ. ಮೂರು ದಿನ ಸ್ವೋರ್ಡ್ ಎಲೆಯ ಹಿಂದಿನಿಂದ ಹೊರಗೆ ಬರಲಿಲ್ಲ. ಮಗ ದಿನಕ್ಕೆ ಹತ್ತು ಸಲ ಗಾಜಿನ ಹತ್ತಿರ ಹೋಗುತ್ತಿದ್ದ, ಅದಕ್ಕೇ ಬರುತ್ತಿಲ್ಲ ಅಂತ ಬೈದೆ. ನಾಲ್ಕನೆಯ ದಿನ ಅತ್ತೆ ಟ್ಯಾಂಕ್ ಮುಂದೆ ಕಾಲು ಚಾಚಿಕೊಂಡು ದಂಟಿನ ಸೊಪ್ಪು ಬಿಡಿಸುತ್ತಾ ಕೂತಿದ್ದರು. ಅಡುಗೆಮನೆಯಿಂದ ನೋಡಿದರೆ ಎರಡೂ ಮುಂದೆ ಬಂದು ಅವರ ಕೈಯನ್ನೇ ನೋಡುತ್ತಾ ನಿಂತಿದ್ದವು.